ಸಹಾಯ ಬೇಕು: ಮಗಳ ತುರಿಕೆ ಇಸಬೋ, ಕಜ್ಜಿಯೋ?

ನಮಸ್ಕಾರ ರೀ, ವಿಜಯಪುರದಿಂದ ಬರೆಯುತ್ತಿದ್ದೇನೆ. ಮಗಳಿಗೆ 4 ವರ್ಷ. ಮೊಣಕೈ ಒಳಮಡಿಕೆ, ಮೊಣಕಾಲ ಹಿಂದೆ ಚರ್ಮ ಒರಟಾಗಿ ಕೆಂಪಾಗಿದೆ. ರಾತ್ರಿಯೆಲ್ಲ ಕೆರೆದು ಬೆಳಗ್ಗೆ ಹಾಸಿಗೆ ಮೇಲೆ ರಕ್ತದ ಚುಕ್ಕೆ. ಚಳಿಗಾಲದ ಒಣಗಾಳಿಗೆ ಇನ್ನೂ ಜಾಸ್ತಿ. ನಮ್ಮ ಮನೆಯವರಿಗೆ ಅಸ್ತಮಾ ಇದೆ.

ಒಬ್ಬ ಡಾಕ್ಟರ್ ಅಟೋಪಿಕ್ ಡರ್ಮಟೈಟಿಸ್, ಅಂದರೆ ಇಸಬು ಎಂದರು. ಕೊಟ್ಟ ಸ್ಟೀರಾಯ್ಡ್ ಮುಲಾಮು 7 ದಿನ ಹಚ್ಚಿದೆವು, ಕಡಿಮೆಯಾಯಿತು. ಬಿಟ್ಟ ಮೇಲೆ ಮತ್ತೆ ಶುರು. ಇನ್ನೊಬ್ಬರು ಕಜ್ಜಿ ಅಂದರು. ಆದರೆ ಬೆರಳ ಸಂದಿಯಲ್ಲಿ ಏನೂ ಇಲ್ಲ, ಮನೆಯಲ್ಲಿ ಬೇರೆ ಯಾರಿಗೂ ತುರಿಕೆಯಿಲ್ಲ. ಅತ್ತೆ ಬದನೆಕಾಯಿ, ಶೇಂಗಾ ಎರಡೂ ಬಿಡಿಸಿದರು. ಶೇಂಗಾ ಹಿಂಡಿ ಇಲ್ಲದೆ ಕೂಸು ರೊಟ್ಟಿ ಮುಟ್ಟುತ್ತಿಲ್ಲ, ತುರಿಕೆ ಮಾತ್ರ ಹಾಗೇ ಇದೆ.

ಇದನ್ನು ಗುರುತಿಸಲು ಅಲರ್ಜಿಯ ರಕ್ತಪರೀಕ್ಷೆ ಬೇಕೇ ಬೇಕಾ, ಚರ್ಮ ನೋಡಿಯೇ ಹೇಳುತ್ತಾರಾ? ಸ್ನಾನವಾದ ಕೂಡಲೇ ಮಾಯಿಶ್ಚರೈಸರ್ ಹಚ್ಚಿ, ಮುಲಾಮು ನಿಲ್ಲಿಸಿದ ಮೇಲೂ ಮತ್ತೆ ಬರದಂತೆ ತಡೆದವರು ಯಾರಾದರೂ ಇದ್ದೀರಾ?