ಪರಂಪರೆಯನ್ನು ಗೌರವಿಸುತ್ತ ಮನಸ್ಸಿಟ್ಟು ಯೋಗಾಭ್ಯಾಸ: ಮಲೆನಾಡಿನವರ ಅನುಭವಗಳು

ಪ್ರಶ್ನೆ, ಶಿವಮೊಗ್ಗದಿಂದ

ಎಲ್ಲರಿಗೂ ನಮಸ್ಕಾರ. ನನ್ನದು ದಿನವಿಡೀ ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸ, ವಯಸ್ಸು ನಲವತ್ತರ ಆಸುಪಾಸು. ಬೆನ್ನುನೋವಿಗೆಂದು ಸೇರಿಕೊಂಡ ಯೋಗ ತರಗತಿಯಲ್ಲಿ ಜೋರು ಸಂಗೀತ ಹಾಕಿ ಸೂರ್ಯನಮಸ್ಕಾರಗಳನ್ನು ಒಂದರ ಹಿಂದೊಂದು ಮಾಡಿಸುತ್ತಾರೆ. ಶವಾಸನಕ್ಕೆ ಹೊತ್ತೇ ಉಳಿಯುವುದಿಲ್ಲ. ಬೆವರೇನೋ ಹರಿಯುತ್ತದೆ, ಆದರೆ ನಮ್ಮ ಅಜ್ಜ ಜಗಲಿಯಲ್ಲಿ ಕುಳಿತು ಮಾಡುತ್ತಿದ್ದ ಅಭ್ಯಾಸಕ್ಕೂ ಇದಕ್ಕೂ ನಂಟೇ ಕಾಣುತ್ತಿಲ್ಲ. ಪರಂಪರೆಗೆ ಅಪಚಾರವಾಗದಂತೆ, ಗಮನವಿಟ್ಟು ಅಭ್ಯಾಸ ಮಾಡುವುದು ಹೇಗೆ? ಮಂತ್ರ ಹೇಳಲೇಬೇಕೆ? ಮಳೆಗಾಲದಲ್ಲಿ ಮನೆಯಲ್ಲೇ ಮಾಡುವುದಾದರೆ ಏನನ್ನು ನೋಡಿಕೊಳ್ಳಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ತೀರ್ಥಹಳ್ಳಿಯ ನಿವೃತ್ತ ಶಿಕ್ಷಕರು

ತಂಗಿ, ನಾನು ಯೋಗ ಕಲಿತದ್ದು ಮಲ್ಲಾಡಿಹಳ್ಳಿಯ ಶಿಬಿರದಲ್ಲಿ. 'ತಿರುಕ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ರಾಘವೇಂದ್ರ ಸ್ವಾಮೀಜಿಯವರು ಕಟ್ಟಿದ ಆ ಆಶ್ರಮದ ಶಿಸ್ತನ್ನು ಕಂಡವನಾದ್ದರಿಂದ, ಸಂಗೀತದ ಅಬ್ಬರದಲ್ಲಿ ಆಸನ ಮಾಡಿಸುವುದು ನನಗೂ ಒಗ್ಗುವುದಿಲ್ಲ. ಆದರೆ ಹಳೆಯದೆಲ್ಲ ಶುದ್ಧ, ಹೊಸದೆಲ್ಲ ಕಲಬೆರಕೆ ಎಂಬ ತೀರ್ಮಾನಕ್ಕೂ ಅವಸರಿಸಬೇಡಿ. ಪತಂಜಲಿಯ ಯೋಗಸೂತ್ರಗಳು ಸುಮಾರು 195; ಅವುಗಳಲ್ಲಿ ಆಸನವನ್ನು ನೇರವಾಗಿ ಕುರಿತವು ಎರಡನೆಯ ಪಾದದ, ಅಂದರೆ ಅಧ್ಯಾಯದ, 46ರಿಂದ 48ರವರೆಗಿನ ಮೂರೇ ಮೂರು, ಮತ್ತು ಅವು ಹೇಳುವುದು ಸ್ಥಿರವಾಗಿಯೂ ಸುಖವಾಗಿಯೂ ಕುಳಿತುಕೊಳ್ಳುವುದನ್ನು. ನಾವು ಇಂದು ನಿಂತು ಮಾಡುವ ಅನೇಕ ಆಸನಗಳ ಕ್ರಮಬದ್ಧ ರೂಪ ಬೆಳೆದದ್ದು ತೀರ ಇತ್ತೀಚೆಗೆ, ಅದೂ ನಮ್ಮ ಮೈಸೂರಿನಲ್ಲಿಯೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ 'ಯೋಗ ಮಕರಂದ'ವನ್ನು ಕನ್ನಡದಲ್ಲಿಯೇ ಬರೆದರು. ಮುಂದೆ ಜಗತ್ತಿಗೆಲ್ಲ ಯೋಗ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಪಟ್ಟಾಭಿ ಜೋಯಿಸರು ಅವರ ಶಿಷ್ಯರು. ಎಲ್ಲವೂ ಐದು ಸಾವಿರ ವರ್ಷ ಹಳೆಯದೆಂದು ಭಾಷಣ ಬಿಗಿಯುವುದಕ್ಕಿಂತ, ಯಾವುದು ಯಾರಿಂದ ಬಂತೆಂದು ತಿಳಿದು ಕಲಿಸುವ ಗುರುವಿನಲ್ಲಿ ನನಗೆ ಹೆಚ್ಚು ನಂಬಿಕೆ.

ಇನ್ನು ಅಭ್ಯಾಸದ ಮಾತು. ತ್ರಿಕೋನಾಸನವನ್ನೇ ತೆಗೆದುಕೊಳ್ಳಿ. ಕೈ ನೆಲ ಮುಟ್ಟಬೇಕೆಂಬ ಹಟದಲ್ಲಿ ಹಿಂಗಾಲಿನ ಪಾದದ ಹೊರಅಂಚು ನೆಲದಿಂದ ಏಳುತ್ತದೆ, ಕುತ್ತಿಗೆ ಬಿಗಿಯುತ್ತದೆ, ನಮಗೆ ತಿಳಿಯದಂತೆಯೇ ಉಸಿರು ಕಟ್ಟುತ್ತದೆ. ಕೈಯನ್ನು ಮೊಣಕಾಲ ಕೆಳಗೆ ಕಣಕಾಲಿನ ಮೇಲಿಟ್ಟು, ಆ ಅಂಚನ್ನು ನೆಲಕ್ಕೆ ಒತ್ತಿ, ಉಸಿರಿನ ಸದ್ದು ಕೇಳಿಸುವಷ್ಟು ಹೊತ್ತು ಮಾತ್ರ ನಿಲ್ಲಿ. ಉಸಿರು ತುಂಡಾದ ಕೂಡಲೇ ಹೊರಬನ್ನಿ. ಒಂದು ಆಸನಕ್ಕೂ ಮತ್ತೊಂದಕ್ಕೂ ನಡುವೆ ಸುಮ್ಮನೆ ನಿಂತು ಈಗ ಎಲ್ಲಿ ಏನಾಯಿತೆಂದು ಗಮನಿಸಿ. ಅಹಿಂಸೆ, ಸತ್ಯ ಮುಂತಾದ ಯಮಗಳನ್ನು, ಅಂದರೆ ನಡತೆಯ ಕಟ್ಟುಪಾಡುಗಳನ್ನು, ಯೋಗದ ಎಂಟು ಅಂಗಗಳಲ್ಲಿ ಮೊದಲಿಗಿಟ್ಟವರು ಆ ಅಹಿಂಸೆಯಿಂದ ನಮ್ಮ ಸ್ವಂತ ಮಂಡಿಯನ್ನು ಹೊರತುಪಡಿಸಿಲ್ಲವಲ್ಲ!

ಸಾಗರದ ಸಮೀಪದ ಗೃಹಿಣಿ

ಮೇಷ್ಟ್ರು ಮಂಡಿಯ ಮಾತೆತ್ತಿದ್ದರಿಂದ ಬರೆಯುತ್ತಿದ್ದೇನೆ. ನಮ್ಮದು ಅಡಿಕೆ ತೋಟದ ಮನೆ. ಕೊನೆಕೊಯ್ಲು ಶುರುವಾಯಿತೆಂದರೆ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೂ ಅಡಿಕೆ ಸುಲಿಯುವ ನಮ್ಮಂಥವರಿಗೆ ಬೆಳಿಗ್ಗೆ ಎದ್ದು ವಜ್ರಾಸನದಲ್ಲಿ ಕೂರುವುದು ಶಿಕ್ಷೆಯಾಗುತ್ತದೆ. ಆದ್ದರಿಂದ ಸುಲಿತದ ದಿನಗಳಲ್ಲಿ ಮಂಡಿ ಮಡಚುವ ಆಸನಗಳನ್ನು ಬಿಟ್ಟು, ಗೋಡೆಗೆ ಕಾಲು ಚಾಚಿ ಮಲಗುವುದು, ಭುಜಂಗಾಸನ, ಮೂಗಿನ ಹೊಳ್ಳೆಗಳನ್ನು ಬದಲಿಸುತ್ತ ಉಸಿರಾಡುವ ನಾಡಿಶೋಧನ ಇಷ್ಟನ್ನೇ ಮಾಡುತ್ತೇನೆ. ಋತುವಿಗೂ ದುಡಿಮೆಗೂ ತಕ್ಕಂತೆ ಅಭ್ಯಾಸ ಬದಲಾದರೆ ಅದರಲ್ಲಿ ಅಪಚಾರವಿಲ್ಲ ಎಂಬುದು ನನ್ನ ಅಭಿಪ್ರಾಯ.

ಮಳೆಗಾಲದ ವಿಷಯ: ಆಷಾಢದಲ್ಲಿ ನಮ್ಮ ರೆಡ್ ಆಕ್ಸೈಡ್ ನೆಲ ನೀರೊಡೆದಂತಾಗಿರುತ್ತದೆ, ಅದರ ಮೇಲೆ ರಬ್ಬರ್ ಮ್ಯಾಟ್ ಕೂಡ ಜಾರುತ್ತದೆ. ನೆಲವನ್ನು ಒಣಬಟ್ಟೆಯಲ್ಲಿ ಒರೆಸಿ, ನಿಂತು ಮಾಡುವ ಆಸನಗಳನ್ನು ಮ್ಯಾಟಿನ ಮೇಲೂ, ಕೂರುವ ಮತ್ತು ಮಲಗುವ ಆಸನಗಳನ್ನು ಚಾಪೆಯ ಮೇಲೆ ಕಂಬಳಿ ಹಾಸಿಕೊಂಡೂ ಮಾಡಿ. ಶವಾಸನದಲ್ಲಿ ಮೈ ಬೇಗ ತಣಿಯುವುದರಿಂದ ಹೊದೆಯಲು ಒಂದು ಶಾಲು ಬೇಕು. ಚಳಿಯಲ್ಲಿ ನಸುಕಿಗೇ ತಣ್ಣೀರು ಮೀಯದಿದ್ದರೆ ಯೋಗ ಕೂಡದೆಂದು ಹೆದರಿಸುವವರಿದ್ದಾರೆ. ಹಠಯೋಗದ ಹಳೆಯ ಗ್ರಂಥವಾದ ಹಠಯೋಗ ಪ್ರದೀಪಿಕೆಯ ಮೊದಲ ಅಧ್ಯಾಯವೋ ಪ್ರಾತಃಸ್ನಾನ, ಉಪವಾಸ ಮುಂತಾದ ದೇಹದಂಡನೆಗಳನ್ನು ಬಿಡಬೇಕೆಂದೇ ಹೇಳುತ್ತದೆ. ಹೊಟ್ಟೆಯ ಕಾಲು ಭಾಗವನ್ನು ಖಾಲಿ ಬಿಟ್ಟು ಉಣ್ಣಬೇಕೆಂಬ ಮಾತೂ ಅಲ್ಲೇ ಇದೆ. ಹಲಸಿನ ಹಣ್ಣಿನ ಕಾಲದಲ್ಲಿ ಅದನ್ನು ಪಾಲಿಸುವುದು ಪದ್ಮಾಸನಕ್ಕಿಂತ ಕಷ್ಟ.

ಭದ್ರಾವತಿಯ ಶುಶ್ರೂಷಕಿ

ಎರಡು ಎಚ್ಚರಿಕೆಗಳು. ರಕ್ತದೊತ್ತಡ ಹೆಚ್ಚಿರುವವರು, ಹರ್ನಿಯಾ ಇರುವವರು ಮತ್ತು ಗರ್ಭಿಣಿಯರು ಕಪಾಲಭಾತಿ (ಹೊಟ್ಟೆಯನ್ನು ಒಳಸೆಳೆದು ಉಸಿರನ್ನು ರಭಸದಿಂದ ಹೊರಹಾಕುವ ಅಭ್ಯಾಸ) ಮಾಡಬಾರದು. ಗ್ಲಾಕೋಮಾ ಇರುವವರಿಗೆ ಶೀರ್ಷಾಸನ ಸಲ್ಲದು. ಮೂಗನ್ನು ನೀರಿನಿಂದ ತೊಳೆಯುವ ಜಲನೇತಿಗೆ ಬಾವಿಯ ಅಥವಾ ಅಬ್ಬಿಯ ನೀರನ್ನು ನೇರವಾಗಿ ಬಳಸದೆ, ಚೆನ್ನಾಗಿ ಕುದಿಸಿ ಉಗುರುಬೆಚ್ಚಗೆ ಆರಿಸಿದ ನೀರಿಗೆ ಉಪ್ಪು ಬೆರೆಸಿಯೇ ಬಳಸಿ.

ಮಂತ್ರದ ಬಗ್ಗೆಯೂ ಒಂದು ಮಾತು. ನಾನು ಕ್ರೈಸ್ತಳು. ನನ್ನ ಗುರುಗಳು ಮೊದಲ ದಿನವೇ, ಪ್ರಾರ್ಥನೆಯ ಹೊತ್ತಿನಲ್ಲಿ ಕೈಮುಗಿದು ಮೌನವಾಗಿದ್ದರೂ ಸಾಕು ಎಂದಿದ್ದರು. ನಾನು ಹಾಗೆಯೇ ಇರುತ್ತೇನೆ. ಅರ್ಥ ತಿಳಿದು, ಮನಸ್ಸೊಪ್ಪಿ ಹೇಳುವವರು ಹೇಳಲಿ. ಮನಸ್ಸೊಪ್ಪದೆ ತುಟಿಯಲ್ಲಿ ಮಾತ್ರ ಹೇಳುವುದೇ ನನಗೆ ಹೆಚ್ಚು ಅಗೌರವವೆನಿಸುತ್ತದೆ.

ಶಿಕಾರಿಪುರದಿಂದ ಒಬ್ಬರು

ಮಲೆನಾಡಿನ ಅಂಚಿನವರಾದ ನಾವು ಪರಂಪರೆಯೆಂದಾಗ ನಮ್ಮ ಬಳ್ಳಿಗಾವಿಯ ಅಲ್ಲಮಪ್ರಭುವನ್ನು ಮರೆಯಲಾಗದು. ಅಲ್ಲಮ ಮತ್ತು ಶರಣರ ಸಂವಾದಗಳ ಗ್ರಂಥವಾದ ಶೂನ್ಯಸಂಪಾದನೆಯಲ್ಲಿ ಹಠಯೋಗಿ ಗೋರಕ್ಷ ತನ್ನ ದೇಹ ವಜ್ರದಂತಾಗಿದೆಯೆಂದು ಬೀಗುತ್ತಾನೆ. ಖಡ್ಗದಿಂದ ಹೊಡೆದರೆ ಅದು ಖಣಿಲೆಂದು ಸದ್ದು ಮಾಡುತ್ತದೆ. ಅದೇ ಖಡ್ಗವನ್ನು ಅಲ್ಲಮನ ಮೇಲೆ ಬೀಸಿದರೆ ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಇಷ್ಟು ಡಿಗ್ರಿ ಬಾಗಿದೆ, ಇಷ್ಟು ಹೊತ್ತು ತಲೆಕೆಳಗಾಗಿ ನಿಂತೆ ಎಂದು ಫೋಟೊ ಹಾಕುವವರನ್ನು ಕಂಡಾಗಲೆಲ್ಲ ನನಗೆ ಗೋರಕ್ಷನ ನೆನಪಾಗುತ್ತದೆ. ಆದರೂ ಮೇಷ್ಟ್ರ ಪಾದದ ಅಂಚು, ಕಣಕಾಲುಗಳ ಲೆಕ್ಕವೇ ಕೊನೆಯಾಗಬಾರದು ಎಂದಷ್ಟೇ ನನ್ನ ತಕರಾರು. ಆಸನ ಮುಗಿದ ಮೇಲೆ ಕಣ್ಣುಮುಚ್ಚಿ ಕೂರುವ ಹೊತ್ತಿಗೆ ಆಸನದಷ್ಟೇ ಪಾಲು ಕೊಡಿ.

ಹೊಸನಗರದಿಂದ ಒಬ್ಬರು

ತರಗತಿಯನ್ನು ಏಕಾಏಕಿ ಬಿಡುವ ಮೊದಲು ನಿಮ್ಮ ಶಿಕ್ಷಕರೊಡನೆ ಒಮ್ಮೆ ಮಾತಾಡಿ ನೋಡಿ. ಸಂಗೀತದ ಸದ್ದು ತಗ್ಗಿಸಿ, ಕೊನೆಯ ಹತ್ತು ನಿಮಿಷವನ್ನು ಶವಾಸನಕ್ಕೆ ಮೀಸಲಿಡಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ; ನಿಮ್ಮಂತೆಯೇ ಬಯಸುವವರು ಆ ತರಗತಿಯಲ್ಲಿ ಇನ್ನೂ ಕೆಲವರಿರಬಹುದು. ಅವರು ಯಾರಲ್ಲಿ ಕಲಿತರು, ಬೆನ್ನುನೋವಿರುವವರಿಗೆ ಯಾವುದನ್ನು ಬಿಡಿಸುತ್ತಾರೆ ಎಂದೂ ವಿಚಾರಿಸಿ. ಎರಡನೆಯ ಪ್ರಶ್ನೆಗೆ 'ಎಲ್ಲರಿಗೂ ಎಲ್ಲವೂ ಆಗುತ್ತದೆ' ಎಂಬ ಉತ್ತರ ಬಂದರೆ ಬೇರೆ ಗುರುವನ್ನು ಹುಡುಕಿಕೊಳ್ಳಿ.