ಕನ್ನಡ ಜಾಲತಾಣಕ್ಕೆ ನಂಬಬಹುದಾದ ಜಾಹೀರಾತು ಜಾಲವನ್ನು ಆರಿಸುವುದು ಹೇಗೆ?

ಪ್ರಶ್ನೆ: ಬಡಗುತಿಟ್ಟು, ಉಡುಪಿ

ಎಲ್ಲರಿಗೂ ನಮಸ್ಕಾರ. ಯಕ್ಷಗಾನ ಮೇಳಗಳ ದಿನದಿನದ ಆಟದ ಪಟ್ಟಿ, ಪ್ರಸಂಗಗಳ ಕಥಾಸಾರ ಮತ್ತು ಕಲಾವಿದರ ಪರಿಚಯ ಪ್ರಕಟಿಸುವ ಒಂದು ಕನ್ನಡ ಜಾಲತಾಣವನ್ನು ಉಡುಪಿಯಿಂದ ನಡೆಸುತ್ತಿದ್ದೇನೆ. ಮೇಳಗಳು ತಿರುಗಾಟಕ್ಕೆ ಹೊರಡುವ ನವೆಂಬರ್‌ನಿಂದ ಮೇ ಕೊನೆಯ ಪತ್ತನಾಜೆಯವರೆಗೆ ಓದುಗರು ಚೆನ್ನಾಗಿ ಬರುತ್ತಾರೆ. ಮಳೆಗಾಲದಲ್ಲಿ ಸಂಖ್ಯೆ ಬಹಳ ಇಳಿಯುತ್ತದೆ. ಓದುಗರಲ್ಲಿ ಬಹುಪಾಲು ಕರಾವಳಿಯವರು. ಉಳಿದವರು ಮುಂಬಯಿಯಲ್ಲೂ ಕೊಲ್ಲಿ ರಾಷ್ಟ್ರಗಳಲ್ಲೂ ಇರುವ ನಮ್ಮೂರಿನವರು. ಹೋಸ್ಟಿಂಗ್ ಮತ್ತು ಡೊಮೇನ್ ಖರ್ಚು ಹುಟ್ಟಿದರೆ ಸಾಕೆಂದು ಸದ್ಯ ಗೂಗಲ್‌ನ ಜಾಹೀರಾತು ಜಾಲವಾದ ಆಡ್‌ಸೆನ್ಸ್ ಮಾತ್ರ ಬಳಸುತ್ತಿದ್ದೇನೆ.

ಇತ್ತೀಚೆಗೆ ಒಂದು ಜಾಹೀರಾತು ಜಾಲದವರು ತಾವಾಗಿಯೇ ಇಮೇಲ್ ಬರೆದು, ಈಗಿನದಕ್ಕಿಂತ ಮೂರು ಪಟ್ಟು ಆದಾಯ ಕೊಡುವುದಾಗಿಯೂ, ತಾಣದ ಪರಿಶೀಲನೆಯಿಲ್ಲದೆ ಅದೇ ದಿನ ಒಪ್ಪಿಗೆ ನೀಡುವುದಾಗಿಯೂ, ಒಂದು ಸಾಲಿನ ಕೋಡ್ ಅಂಟಿಸಿದರೆ ಸಾಕೆಂದೂ ತಿಳಿಸಿದ್ದಾರೆ. ಇಂಥ ಜಾಲವೊಂದು ನಂಬಿಕೆಗೆ ಅರ್ಹವೇ ಅಲ್ಲವೇ ಎಂಬುದನ್ನು ಸೇರುವ ಮೊದಲೇ ತಿಳಿಯುವ ಬಗೆ ಇದೆಯೇ? ನನ್ನ ತಾಣಕ್ಕೆ ಹಿರಿಯರು ಹೆಚ್ಚಾಗಿ ಬರುತ್ತಾರೆ. ಅವರ ಮೊಬೈಲಿಗೆ ನನ್ನಿಂದಾಗಿ ಏನಾದರೂ ಕೆಡುಕಾಗಬಾರದು ಎಂಬುದೇ ನನ್ನ ಮುಖ್ಯ ಚಿಂತೆ.

ಉತ್ತರ: ಕದ್ರಿಗುಡ್ಡೆ, ಮಂಗಳೂರು

ಮೂರು ಪಟ್ಟು ಆದಾಯದ ಮಾತನ್ನು ಬದಿಗಿಡೋಣ. ಪರಿಶೀಲನೆಯಿಲ್ಲದೆ ಅದೇ ದಿನ ಒಪ್ಪಿಗೆ ಎಂಬ ಮಾತೇ ನನಗೆ ಹೆಚ್ಚು ಅನುಮಾನ ಹುಟ್ಟಿಸುತ್ತದೆ. ತಾಣವನ್ನು ಕಣ್ಣೆತ್ತಿಯೂ ನೋಡದೆ ಸೇರಿಸಿಕೊಳ್ಳುವವರು ಜಾಹೀರಾತುದಾರರನ್ನೂ ಅಷ್ಟೇ ಸಲೀಸಾಗಿ ಸೇರಿಸಿಕೊಂಡಿರುತ್ತಾರೆ. ಆ ಒಂದು ಸಾಲಿನ ಕೋಡ್ ಎಂದರೆ ನಿಮ್ಮ ಪುಟದೊಳಗೆ ಓಡುವ ಅವರ ಜಾವಾಸ್ಕ್ರಿಪ್ಟ್; ಅದು ಪುಟವನ್ನು ಬದಲಿಸಬಹುದು, ಓದುಗರನ್ನು ಬೇರೆಡೆಗೆ ಎಳೆದೊಯ್ಯಬಹುದು, ಇಂದು ಸಾಧುವಾಗಿದ್ದು ನಾಳೆ ಬೇರೆಯೇ ಆಗಬಹುದು. ದೊಡ್ಡ ತಾಣಗಳಿಗೂ ಈ ಅಪಾಯ ತಪ್ಪಿದ್ದಲ್ಲ. 2016ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್, ಬಿಬಿಸಿಯಂಥ ತಾಣಗಳಲ್ಲಿಯೂ ಜಾಹೀರಾತು ಜಾಲಗಳ ಮೂಲಕ ದುರುದ್ದೇಶದ ಜಾಹೀರಾತುಗಳು ನುಸುಳಿದ್ದವು.

ಸೇರುವ ಮೊದಲೇ ನೋಡಬಹುದಾದ ದಾಖಲೆಗಳು ಎರಡಿವೆ, ಎರಡೂ ಸಾರ್ವಜನಿಕವಾಗಿರುತ್ತವೆ. ಜಾಹೀರಾತು ಉದ್ಯಮದ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಐಎಬಿ ಟೆಕ್ ಲ್ಯಾಬ್ 2017ರಲ್ಲಿ ಆಡ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಕಡತದ ಪದ್ಧತಿಯನ್ನು ತಂದಿತು. ಪ್ರಸಿದ್ಧ ಪತ್ರಿಕೆಗಳ ಹೆಸರಿನಲ್ಲಿ ನಕಲಿ ಜಾಹೀರಾತು ಜಾಗವನ್ನು ಮಾರುವ ದಂಧೆ ಬೆಳೆದಿದ್ದ ಕಾಲ ಅದು. ಅದೇ ವರ್ಷ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯು ತನ್ನ ಹೆಸರಿನಲ್ಲಿ ಇಂಥ ಮಾರಾಟ ಜಾಹೀರಾತು ಜಾಗದ ಕೊಡುಕೊಳ್ಳುವಿಕೆ ನಡೆಯುವ ಹಲವು ವಿನಿಮಯ ಕೇಂದ್ರಗಳಲ್ಲಿ ನಡೆದಿರುವುದನ್ನು ಪತ್ತೆಹಚ್ಚಿತು. ಈ ಕಡತವು ನಿಮ್ಮ ಡೊಮೇನ್‌ನ ಬುಡದಲ್ಲಿರುತ್ತದೆ, ನಿಮ್ಮ ಜಾಗವನ್ನು ಮಾರಲು ಯಾರಿಗೆ ಅಧಿಕಾರವಿದೆ ಎಂದು ಅದರಲ್ಲಿ ಬರೆದಿರುತ್ತದೆ. ಪ್ರತಿ ಸಾಲಿನಲ್ಲಿ ಅಲ್ಪವಿರಾಮಗಳ ನಡುವೆ ಜಾಹೀರಾತು ವ್ಯವಸ್ಥೆಯ ಡೊಮೇನ್, ಖಾತೆಯ ಸಂಖ್ಯೆ, ಆಮೇಲೆ ಡೈರೆಕ್ಟ್ ಅಥವಾ ರೀಸೆಲ್ಲರ್ ಎಂಬ ಪದ ಬರುತ್ತದೆ. ಖಾತೆ ನಿಮ್ಮದೇ ಹಿಡಿತದಲ್ಲಿದ್ದರೆ ಡೈರೆಕ್ಟ್. ನಿಮ್ಮ ಜಾಗವನ್ನು ಇನ್ನೊಬ್ಬರು ಮರುಮಾರಾಟ ಮಾಡುತ್ತಿದ್ದರೆ ರೀಸೆಲ್ಲರ್.

ಆ ಜಾಲದವರನ್ನು, ನಿಮ್ಮ ಕಡತಕ್ಕೆ ಯಾವ ಸಾಲುಗಳನ್ನು ಸೇರಿಸಬೇಕು ಎಂದು ಕೇಳಿ. ಉತ್ತರವೇ ಬರದಿದ್ದರೆ ವಿಷಯ ಅಲ್ಲಿಗೇ ಮುಗಿಯಿತು. ಬಂದರೆ, ಆ ಸಾಲುಗಳಲ್ಲಿರುವ ಡೊಮೇನ್‌ಗಳ ಸೆಲ್ಲರ್ಸ್ ಡಾಟ್ ಜೇಸನ್ ಕಡತವನ್ನು ತೆರೆಯಿರಿ. 2019ರಲ್ಲಿ ಬಂದ ಈ ಎರಡನೆಯ ಕಡತದಲ್ಲಿ ಆ ಖಾತೆ ಸಂಖ್ಯೆ ಯಾರದ್ದು ಎಂದು ಬರೆದಿರಬೇಕು. ನಿಮ್ಮನ್ನು ಸಂಪರ್ಕಿಸಿದ ಸಂಸ್ಥೆಯ ಹೆಸರೇ ಅಲ್ಲಿದ್ದರೆ ಒಂದು ಹಂತ ದಾಟಿದಂತಾಯಿತು. ಹೆಸರನ್ನು ಗೋಪ್ಯವಾಗಿಡಲು ಆ ಪದ್ಧತಿಯಲ್ಲಿ ಅವಕಾಶವಿದೆ ನಿಜ, ಆದರೆ ಪ್ರಕಾಶಕರನ್ನು, ಎಂದರೆ ತಾಣ ನಡೆಸುವವರನ್ನು, ಹುಡುಕಿಕೊಂಡು ಬಂದವರು ತಮ್ಮ ಹೆಸರನ್ನೇ ಮುಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ.

ಆಮೇಲೆ ಯಾವ ಬಗೆಯ ಜಾಹೀರಾತುಗಳು ಎಂಬ ಪ್ರಶ್ನೆ. ಪುಟವನ್ನು ಮುಟ್ಟಿದೊಡನೆ ಹಿಂದೆ ಇನ್ನೊಂದು ಟ್ಯಾಬ್ ತೆರೆಯುವ ಪಾಪ್-ಅಂಡರ್, ‘ನೋಟಿಫಿಕೇಶನ್‌ಗೆ ಅನುಮತಿ ಕೊಡಿ’ ಎಂದು ಕೇಳಿ ಮುಂದೆ ದಿನವಿಡೀ ಸಂದೇಶ ಕಳುಹಿಸುವ ಪುಶ್ ಜಾಹೀರಾತು, ಇವೆರಡರ ಮೇಲೆಯೇ ನಿಂತಿರುವ ಜಾಲಗಳಲ್ಲಿ ದರ ಹೆಚ್ಚಿರುವುದು ಸಹಜ. ಹಿರಿಯ ಓದುಗರಿರುವ ತಾಣಕ್ಕೆ ಇವೆರಡೂ ಬೇಡವೇ ಬೇಡ. ಕ್ರೋಮ್ ಬ್ರೌಸರ್ ಕೂಡ ‘ಉತ್ತಮ ಜಾಹೀರಾತು ಮಾನದಂಡ’ಗಳನ್ನು ಪದೇ ಪದೇ ಮೀರುವ ತಾಣಗಳಲ್ಲಿ ಎಲ್ಲ ಜಾಹೀರಾತುಗಳನ್ನೂ ತಡೆಯುವ ಕ್ರಮವನ್ನು 2018ರ ಫೆಬ್ರವರಿಯಲ್ಲಿ ಆರಂಭಿಸಿ, 2019ರ ಜುಲೈಯಿಂದ ಜಗತ್ತಿನಾದ್ಯಂತ ಜಾರಿಗೆ ತಂದಿದೆ. ಎಂದರೆ ಹೊಸ ಜಾಲದ ದೆಸೆಯಿಂದ ಈಗಿರುವ ಆಡ್‌ಸೆನ್ಸ್ ಆದಾಯವೂ ನಿಲ್ಲಬಹುದು. ಅಲ್ಲದೆ, ಬೇರೆ ಜಾಲಗಳ ಜೊತೆಗೆ ಬಳಸುವುದಕ್ಕೆ ಆಡ್‌ಸೆನ್ಸ್‌ನ ಅಡ್ಡಿಯಿಲ್ಲದಿದ್ದರೂ ಓದುಗರ ಓಡಾಟಕ್ಕೆ ತೊಡಕಾಗುವ ಪಾಪ್-ಅಪ್‌ಗಳಿರುವ ತಾಣಗಳನ್ನು ಅದು ಒಪ್ಪುವುದಿಲ್ಲ.

ಇನ್ನೊಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆಟದ ಪಟ್ಟಿಯನ್ನು ನೀವು ಪಿಡಿಎಫ್ ರೂಪದಲ್ಲಿಯೂ ಕೊಡುತ್ತಿದ್ದರೆ, ಅದರ ಕೊಂಡಿಯ ಪಕ್ಕದಲ್ಲಿಯೇ ದೊಡ್ಡ ಹಸಿರು ಬಣ್ಣದ ‘ಡೌನ್‌ಲೋಡ್’ ಗುಂಡಿಯಿರುವ ಜಾಹೀರಾತು ಬಂದು ಕೂರುವ ಸಾಧ್ಯತೆಯಿದೆ. ಪಟ್ಟಿ ಬೇಕೆಂದು ಬಂದ ಎಪ್ಪತ್ತರ ಹಿರಿಯರು ಒತ್ತುವುದು ಅದನ್ನೇ. ಸಿಗುವುದು ಯಾವುದೋ ಅಪರಿಚಿತ ಆ್ಯಪ್. ಆದ್ದರಿಂದ ಯಾವ ಜಾಲವೇ ಆಗಲಿ, ಮೊದಲು ಹಳೆಯ ಕಥಾಸಾರದ ಒಂದೇ ಪುಟದಲ್ಲಿ ಹಾಕಿ ನೋಡಿ. ನೋಡುವುದು ನಿಮ್ಮ ಕಂಪ್ಯೂಟರಿನಲ್ಲಿ ಅಲ್ಲ. ಸಾಧಾರಣ ಬೆಲೆಯ ಆಂಡ್ರಾಯ್ಡ್ ಫೋನಿನಲ್ಲಿ, ಮೊಬೈಲ್ ಡೇಟಾದಲ್ಲಿ, ಲಾಗಿನ್ ಆಗದೆ ನೋಡಿ, ಏಕೆಂದರೆ ಬೇರೆಡೆಗೆ ಎಳೆದೊಯ್ಯುವ ಜಾಹೀರಾತುಗಳು ಅನೇಕ ವೇಳೆ ಮೊಬೈಲ್ ಓದುಗರಿಗೆ ಮಾತ್ರ ಕಾಣಿಸುತ್ತವೆ. ದೇಶದಿಂದ ದೇಶಕ್ಕೂ ಜಾಹೀರಾತು ಬೇರೆಯಾಗುವುದರಿಂದ ದುಬೈಯಲ್ಲೋ ಕುವೈತ್‌ನಲ್ಲೋ ಇರುವ ಪರಿಚಿತರಿಂದ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ಜಾಹೀರಾತನ್ನು ಒತ್ತಬಾರದೆಂದು ಮಾತ್ರ ಮೊದಲೇ ತಿಳಿಸಿ.

ಉತ್ತರ: ಲೆಕ್ಕಪತ್ರ, ಕುಂದಾಪುರ

ಕದ್ರಿಯವರು ತಾಂತ್ರಿಕ ವಿಷಯವನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ನಾನು ಹಣದ ಕಡೆಯಿಂದ ಸ್ವಲ್ಪ ಬರೆಯುತ್ತೇನೆ.

ಪಾಲು ಎಷ್ಟು ಎಂಬುದನ್ನು ಬಹಿರಂಗವಾಗಿ ಹೇಳುವ ಜಾಲಕ್ಕೂ ‘ಅತ್ಯಧಿಕ ಆದಾಯ’ ಎಂದು ಮಾತ್ರ ಹೇಳುವ ಜಾಲಕ್ಕೂ ಅಜಗಜಾಂತರ. ಆಡ್‌ಸೆನ್ಸ್‌ನಲ್ಲಿ 2024ರ ಆರಂಭದಿಂದ, ಜಾಹೀರಾತುದಾರರ ಕಡೆಯ ವೇದಿಕೆ ತನ್ನ ಶುಲ್ಕ ಹಿಡಿದುಕೊಂಡ ಮೇಲೆ ಉಳಿದ ಹಣದಲ್ಲಿ ಶೇ 80 ಪ್ರಕಾಶಕರಿಗೆ ಸಲ್ಲುತ್ತದೆ. ಜಾಹೀರಾತುದಾರರಿಗಾಗಿ ಗೂಗಲ್ ನಡೆಸುವ ವೇದಿಕೆಯಾದ ಗೂಗಲ್ ಆಡ್ಸ್ ಮೂಲಕ ಬಂದ ಹಣವಾದರೆ ಒಟ್ಟಿನಲ್ಲಿ ಸುಮಾರು ಶೇ 68ರಷ್ಟಾಗುತ್ತದೆ. ನೂರರಲ್ಲಿ ಅಷ್ಟು ಭಾಗ ಈಗಾಗಲೇ ನಿಮಗೆ ಬರುತ್ತಿರುವಾಗ, ಅದೇ ಓದುಗರಿಗೆ ಅಂಥದೇ ಜಾಹೀರಾತು ತೋರಿಸಿ ಮೂರು ಪಟ್ಟು ಕೊಡುವುದು ಲೆಕ್ಕಕ್ಕೆ ಕೂಡುವುದಿಲ್ಲ. ಜಾಹೀರಾತಿನ ಬಗೆ ಬದಲಾಗಿರಬೇಕು, ಇಲ್ಲವೇ ಆ ಹಣ ನಿಮ್ಮ ಕೈಸೇರುವುದಿಲ್ಲ.

ಕೈಸೇರುವ ವಿಚಾರದಲ್ಲಿ, ಕನಿಷ್ಠ ಮೊತ್ತ ಮತ್ತು ಅವಧಿ ಎರಡನ್ನೂ ಕೂಡಿಸಿ ನೋಡಬೇಕು. ಆಡ್‌ಸೆನ್ಸ್‌ನಲ್ಲಿ ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಪರಿಶೀಲನೆಯ ಪಿನ್ ಅಂಚೆಯಲ್ಲಿ ಬರುತ್ತದೆ, 100 ಡಾಲರ್ ದಾಟಿದ ಮೇಲೆ ಮರುತಿಂಗಳ 21ರಿಂದ 26ರ ನಡುವೆ ಪಾವತಿಯಾಗುತ್ತದೆ. ಕೆಲವು ಜಾಲಗಳು ತಿಂಗಳು ಮುಗಿದು 60 ಅಥವಾ 90 ದಿನಗಳಾದ ಮೇಲೆ ಕೊಡುತ್ತವೆ. ನಿಮ್ಮಂತೆ ಆರು ತಿಂಗಳು ಸುಗ್ಗಿ, ಆರು ತಿಂಗಳು ಬರ ಇರುವ ತಾಣಕ್ಕೆ ಇದು ಮುಖ್ಯ: ಏಪ್ರಿಲ್ ಗಳಿಕೆ ಜುಲೈಯಲ್ಲಿ ಬರಬೇಕಾದ ಹೊತ್ತಿಗೆ ‘ಓದುಗರ ಸಂಖ್ಯೆ ಇಳಿದಿದೆ, ಖಾತೆ ನಿಷ್ಕ್ರಿಯವಾಗಿದೆ’ ಎಂಬ ನೆಪದಲ್ಲಿ ಬಾಕಿಯನ್ನು ಮುಟ್ಟುಗೋಲು ಹಾಕಿಕೊಳ್ಳುವ ಷರತ್ತು ಇದೆಯೇ ಎಂದು ಕರಾರಿನಲ್ಲಿ ಹುಡುಕಿ. ಬೇರೆ ಜಾಲವನ್ನು ಬಳಸಬಾರದೆಂಬ ನಿರ್ಬಂಧವಿದ್ದರೆ, ಬಿಟ್ಟುಬರಲು ತಿಂಗಳುಗಟ್ಟಲೆ ಮುಂಚಿತ ಸೂಚನೆ ಕೇಳಿದ್ದರೆ ಸಹಿ ಹಾಕುವ ಅಗತ್ಯವಿಲ್ಲ. ನನ್ನ ಅಭಿಪ್ರಾಯದಲ್ಲಿ ಸೇರುವ ಸುಲಭಕ್ಕಿಂತ ಬಿಡುವ ಸುಲಭವೇ ಜಾಲದ ಯೋಗ್ಯತೆಯನ್ನು ಹೆಚ್ಚು ಸರಿಯಾಗಿ ಹೇಳುತ್ತದೆ.

ಸೇರ್ಪಡೆ ಶುಲ್ಕ, ಭದ್ರತಾ ಠೇವಣಿ ಎಂದು ಯಾರಾದರೂ ಕೇಳಿದರೆ ಮಾತು ಮುಂದುವರಿಸಬೇಡಿ. ಪ್ರಕಾಶಕರಿಂದ ಹಣ ಕೇಳುವುದು ಈ ವ್ಯವಹಾರದ ರೀತಿಯೇ ಅಲ್ಲ. ಕ್ರಿಪ್ಟೋ ನಾಣ್ಯದಲ್ಲಿ ಮಾತ್ರ ಪಾವತಿ ಎನ್ನುವವರೂ ಬೇಡ. ವಿದೇಶದಿಂದ ಹಣ ಬ್ಯಾಂಕಿಗೆ ಬರುವಾಗ ಬ್ಯಾಂಕನ್ನು ಗುರುತಿಸುವ ಸ್ವಿಫ್ಟ್ ಸಂಖ್ಯೆ ಬೇಕಾಗುತ್ತದೆ. ಸಣ್ಣ ಶಾಖೆಗಳಿಗೆ ಅದು ಇರುವುದಿಲ್ಲ, ಹಾಗಾಗಿ ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ಶಾಖೆಯ ಸಂಖ್ಯೆಯನ್ನು ಕೇಳಿ ಪಡೆಯಿರಿ. ಹಣ ಯಾವುದಕ್ಕಾಗಿ ಬಂತೆಂದು ತಿಳಿಸುವ ಉದ್ದೇಶದ ಸಂಕೇತವನ್ನು ಬ್ಯಾಂಕ್ ಕೇಳಿದರೆ ಜಾಹೀರಾತಿನದ್ದು ಪಿ1007. ಬಂದ ಹಣಕ್ಕೆ ಬ್ಯಾಂಕ್ ಕೊಡುವ ಸೂಚನಾಪತ್ರವನ್ನು ಆದಾಯ ತೆರಿಗೆಗಾಗಿ ಇಟ್ಟುಕೊಳ್ಳಿ.

ಉತ್ತರ: ರಥಬೀದಿ

ಇಬ್ಬರೂ ಹೇಳಿದ್ದನ್ನು ಒಪ್ಪುತ್ತಲೇ ಒಂದು ಭಿನ್ನಾಭಿಪ್ರಾಯ. ಎರಡನೆಯ ಜಾಲ ಯಾಕೆ ಬೇಕು? ಜಾಲಗಳು ದರ ಕಟ್ಟುವುದು ಓದುಗರು ಯಾವ ದೇಶದಲ್ಲಿದ್ದಾರೆ, ಏನನ್ನು ಕೊಳ್ಳಬಲ್ಲರು ಎಂಬುದನ್ನು ನೋಡಿ. ಬ್ರಹ್ಮಾವರದಲ್ಲಿ ಕುಳಿತು ಇವತ್ತಿನ ಆಟ ಎಲ್ಲಿ ಎಂದು ನೋಡುವವರಿಗೆ ಅವರ ಲೆಕ್ಕದಲ್ಲಿ ಬೆಲೆ ಕಡಿಮೆ. ಆದರೆ ಅದೇ ಓದುಗರು ಶಾಮಿಯಾನದವರಿಗೆ, ಧ್ವನಿವರ್ಧಕ ಬಾಡಿಗೆಗೆ ಕೊಡುವವರಿಗೆ, ಹರಕೆ ಆಟದ ದಿನ ಊಟ ಒದಗಿಸುವ ಕೇಟರಿಂಗ್‌ನವರಿಗೆ, ವೇಷಭೂಷಣದವರಿಗೆ ಬಂಗಾರದಂಥ ಗಿರಾಕಿಗಳು. ತಿರುಗಾಟದ ಅವಧಿಗೆ ಒಟ್ಟು ಮೊತ್ತ ಗೊತ್ತುಮಾಡಿ ನೇರವಾಗಿ ಜಾಹೀರಾತು ಪಡೆಯಿರಿ. ಚಿತ್ರ ನಿಮ್ಮ ಸರ್ವರ್‌ನಲ್ಲೇ ಇರುವುದರಿಂದ ಪರರ ಸ್ಕ್ರಿಪ್ಟ್‌ನ ಭಯವಿಲ್ಲ. ‘ಜಾಹೀರಾತು’ ಎಂದು ಸ್ಪಷ್ಟವಾಗಿ ಬರೆಯಬೇಕು ಮತ್ತು ಕೊಂಡಿಗೆ ಅದು ಹಣ ಪಡೆದು ಹಾಕಿದ್ದೆಂದು ತಿಳಿಸಲು ಗೂಗಲ್ 2019ರಲ್ಲಿ ಸೂಚಿಸಿದ ‘ಸ್ಪಾನ್ಸರ್ಡ್’ ಗುರುತನ್ನು ಹಾಕಬೇಕು, ಅಷ್ಟೆ.

ಮರುಪ್ರಶ್ನೆ: ಬಡಗುತಿಟ್ಟು, ಉಡುಪಿ

ಮೂವರಿಗೂ ಧನ್ಯವಾದಗಳು. ಆ ಜಾಲದವರಿಂದ ಸಾಲುಗಳನ್ನು ತರಿಸಿಕೊಂಡು ನೋಡಿದೆ; ಎಲ್ಲವೂ ರೀಸೆಲ್ಲರ್ ಎಂದೇ ಇವೆ, ಹೆಸರು ಗೋಪ್ಯವಾಗಿದೆ. ಅವರಿಗೆ ಬೇಡವೆಂದು ಬರೆದಿದ್ದೇನೆ. ಇನ್ನು ನೇರ ಜಾಹೀರಾತನ್ನು ಪ್ರಯತ್ನಿಸುತ್ತೇನೆ. ಆದರೆ ಆಡ್‌ಸೆನ್ಸ್‌ನಲ್ಲಿಯೂ ಆಗಾಗ ಹಣ ಕಟ್ಟಿ ಆಡುವ ಆಟಗಳ ಮತ್ತು ಮಧುಮೇಹವನ್ನು ಬೇರುಸಹಿತ ಗುಣಪಡಿಸುವ ಔಷಧಿಗಳ ಜಾಹೀರಾತು ಕಂಡರೆ ನನ್ನ ಹೊಣೆ ಎಷ್ಟು?

ಉತ್ತರ: ಕದ್ರಿಗುಡ್ಡೆ, ಮಂಗಳೂರು

ಸರ್, ಎರಡೂ ಹಗುರವಾಗಿ ಬಿಡುವಂಥವಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆಯು ಹಣ ಕಟ್ಟಿ ಆಡುವ ಆಟಗಳ ಜೊತೆಗೆ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ; ಜಾಹೀರಾತಿಗೆ ಸಂಬಂಧಿಸಿದ ಶಿಕ್ಷೆ ಎರಡು ವರ್ಷಗಳವರೆಗಿನ ಸೆರೆವಾಸ, 50 ಲಕ್ಷ ರೂಪಾಯಿಯವರೆಗಿನ ದಂಡ ಅಥವಾ ಎರಡೂ. ಮಧುಮೇಹದಂಥ ರೋಗಗಳನ್ನು ಗುಣಪಡಿಸುತ್ತೇವೆಂಬ ಜಾಹೀರಾತಿಗೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ತಡೆಯಿದೆ. ನೇರ ಜಾಹೀರಾತು ಪಡೆಯುವಾಗ ಈ ಎರಡನೆಯದನ್ನು ವಿಶೇಷವಾಗಿ ನೆನಪಿಡಿ, ಏಕೆಂದರೆ ಊರಿನ ಪರಿಚಯದ ನಾಟಿವೈದ್ಯರು ಕೇಳಿಕೊಂಡು ಬಂದಾಗ ಇಲ್ಲವೆನ್ನುವುದು ಕಷ್ಟ, ಮತ್ತು ಅಲ್ಲಿ ಪ್ರಕಟಿಸಿದವರು ನೀವೇ ಎಂಬುದರಲ್ಲಿ ಸಂಶಯಕ್ಕೆ ಎಡೆಯಿರುವುದಿಲ್ಲ.

ಆಡ್‌ಸೆನ್ಸ್ ಖಾತೆಯಲ್ಲಿ ‘ಬ್ರ್ಯಾಂಡ್ ಸುರಕ್ಷತೆ’ ಎಂಬ ಭಾಗವಿದೆ. ಅಲ್ಲಿ ಸೂಕ್ಷ್ಮ ವರ್ಗಗಳನ್ನು ಪೂರ್ತಿಯಾಗಿ ತಡೆಯಬಹುದು, ನಿರ್ದಿಷ್ಟ ಜಾಹೀರಾತುದಾರರ ವಿಳಾಸಗಳನ್ನು ಸೇರಿಸಿ ತಡೆಯಬಹುದು, ಈಗಾಗಲೇ ತೋರಿಸಲಾದ ಜಾಹೀರಾತುಗಳನ್ನು ಒಂದೊಂದಾಗಿ ನೋಡಿ ನಿಲ್ಲಿಸಲೂಬಹುದು. ವರ್ಗದ ತಡೆಯನ್ನು ಇಂದೇ ಹಾಕಿ. ತಪ್ಪಿಸಿಕೊಂಡು ಬರುವವುಗಳಿಗಾಗಿ ತಿರುಗಾಟದ ಕಾಲದಲ್ಲಿ ವಾರಕ್ಕೊಮ್ಮೆಯಾದರೂ ಆ ಪಟ್ಟಿಯನ್ನು ತೆರೆದು ನೋಡಿ. ಸಂಶಯ ಬಂದ ಜಾಹೀರಾತನ್ನು ಪರೀಕ್ಷಿಸಲೆಂದು ನಿಮ್ಮ ಪುಟದಲ್ಲಿ ನೀವೇ ಒತ್ತಬೇಡಿ. ಸ್ವಂತ ಜಾಹೀರಾತನ್ನು ಒತ್ತುವುದನ್ನು ಅವರು ಅಮಾನ್ಯ ದಟ್ಟಣೆ, ಎಂದರೆ ನಿಜವಾದ ಆಸಕ್ತಿಯಿಲ್ಲದ ಒತ್ತುವಿಕೆ, ಎಂದು ಪರಿಗಣಿಸುತ್ತಾರೆ, ಅದು ಖಾತೆ ರದ್ದಾಗುವವರೆಗೂ ಹೋಗಬಹುದು. ಪರಿಶೀಲನೆಯ ಪಟ್ಟಿಯಲ್ಲಿ ಜಾಹೀರಾತುದಾರರ ವಿಳಾಸ ಕಾಣಿಸುತ್ತದೆ, ಅಲ್ಲಿಂದಲೇ ತಡೆಯಿರಿ.