ರಾಜಕಾಲುವೆ ಹತ್ತಿರ ಮನೆ: ನೀರು ಬರುವ ಮುಂಚೆ ತಿಳಿಯುವುದು ಹೇಗೆ?

ಕೇಳಿದವರು, ಎಚ್‌ಎಸ್‌ಆರ್ ಲೇಔಟ್

ಹೋದ ತಿಂಗಳು ಇಲ್ಲಿ ನೆಲಮಹಡಿ ಮನೆ ಬಾಡಿಗೆಗೆ ಹಿಡಿದೆವು. ಅಗರ ಕೆರೆ ಕಡೆ ಹೋಗುವ ರಾಜಕಾಲುವೆ, ಅಂದರೆ ಮಳೆನೀರಿನ ದೊಡ್ಡ ಕಾಲುವೆ, ಎರಡೇ ರಸ್ತೆ ಆಚೆ ಇದೆ. ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತಲು ಆಗುವುದಿಲ್ಲ. ಈಗ ಅಕ್ಕಪಕ್ಕದವರು "ಮಳೆಗಾಲ ಬರಲಿ, ಗೊತ್ತಾಗುತ್ತೆ" ಎಂದು ನಗುತ್ತಿದ್ದಾರೆ. ರಾತ್ರಿ ಹೊತ್ತು ನೀರು ಏರುತ್ತಿದ್ದರೆ ಮೊದಲೇ ತಿಳಿಯಲು ದಾರಿ ಇದೆಯಾ? ಅನುಭವ ಇದ್ದವರು ಹೇಳಿ.

ಈಜೀಪುರದಿಂದ

ಮೂವತ್ತು ವರ್ಷದಿಂದ ಇಲ್ಲೇ ಇದ್ದೇನಮ್ಮ. ಮೊದಲಿಗೆ ನಿಮ್ಮ ಕಾಲುವೆಗೆ ನೀರು ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಳ್ಳಿ. ನಿಮ್ಮ ರಸ್ತೆಯಲ್ಲಿ ಎಷ್ಟು ಸುರಿಯಿತು ಅನ್ನೋದು ಆಮೇಲಿನ ಮಾತು. ಹುಳಿಮಾವು ಕಡೆಯ ನೀರು ಮಡಿವಾಳ ಕೆರೆಗೆ, ಅಲ್ಲಿಂದ ಅಗರಕ್ಕೆ, ಅಲ್ಲಿಂದ ಬೆಳ್ಳಂದೂರು, ವರ್ತೂರು, ಕೊನೆಗೆ ದಕ್ಷಿಣ ಪಿನಾಕಿನಿ. ಒಂದು ಕೆರೆ ಕೋಡಿ ಬಿದ್ದರೆ ಮುಂದಿನದಕ್ಕೆ ನೀರು, ಹೀಗೆ ಸಾಲಾಗಿ ಕಟ್ಟಿದ್ದರು ಹಿಂದಿನವರು. ಬೆಂಗಳೂರು ಎತ್ತರದಲ್ಲಿದೆ, ನದಿ ಇಲ್ಲ, ಆದ್ದರಿಂದ ಪ್ರವಾಹ ಬರಲ್ಲ ಎಂದುಕೊಳ್ಳುವವರು ಈ ಸಾಲನ್ನು ನೋಡಿಲ್ಲ ಅಷ್ಟೆ.

ಸುಮ್ನೆ ಒಂದು ಲೆಕ್ಕ ಹಾಕಿ. ಒಂದು ಚದರ ಕಿಲೋಮೀಟರ್ ಜಾಗದಲ್ಲಿ 50 ಮಿ.ಮೀ. ಮಳೆ ಬಿದ್ದರೆ 5 ಕೋಟಿ ಲೀಟರ್. 6,000 ಲೀಟರ್‌ನ ಟ್ಯಾಂಕರ್ ಲೆಕ್ಕದಲ್ಲಿ 8,000ಕ್ಕೂ ಹೆಚ್ಚು ಟ್ಯಾಂಕರ್! ಮೊದಲು ಅರ್ಧಕ್ಕರ್ಧ ತೋಟ, ಗದ್ದೆ ಕುಡಿಯುತ್ತಿತ್ತು. ಈಗ ಸಿಮೆಂಟು, ಡಾಂಬರು. ಬಿದ್ದದ್ದೆಲ್ಲ ಒಂದೇ ಸಲ ಕಾಲುವೆಗೆ ಓಡುತ್ತದೆ. ಹಾಗಾಗಿ ನಿಮ್ಮ ಮನೆ ಮೇಲೆ ಹನಿ ಬೀಳದಿದ್ದರೂ ಹುಳಿಮಾವು ಇರುವ ಬನ್ನೇರುಘಟ್ಟ ರಸ್ತೆ ಕಡೆ ಕಪ್ಪಾಗಿದ್ದರೆ ಮಲಗಬೇಡಿ.

ಕೋರಮಂಗಲ, ಎಸ್‌ಟಿ ಬೆಡ್

ಎಸ್‌ಟಿ ಬೆಡ್ ಅಂದರೆ ಶ್ರೀನಿವಾಗಿಲು ಟ್ಯಾಂಕ್ ಬೆಡ್. ಕೆರೆಯಂಗಳದಲ್ಲಿ ಮನೆ ಕಟ್ಟಿಕೊಂಡು ನೀರು ಬಂತು ಎಂದು ಗೊಣಗುವ ಜನ ನಾವು. ಇರಲಿ.

ನಾವು ಮಾಡಿದ್ದು ಇಷ್ಟು. ಕಾಲುವೆಯ ಗೋಡೆ ಮೇಲೆ ಎನಾಮೆಲ್ ಪೇಂಟ್‌ನಲ್ಲಿ ಅಡಿಗೊಂದು ಗೆರೆ ಎಳೆದೆವು. ಹಸಿರು, ಹಳದಿ, ಮೇಲೆ ಕೆಂಪು. ಮೊದಲ ಮಳೆಗಾಲ ಸುಮ್ನೆ ನೋಡಿದೆವು: ಯಾವ ಗೆರೆ ಮುಟ್ಟಿದಾಗ ರಸ್ತೆಯ ಮೋರಿಯಿಂದ ನೀರು ಉಕ್ಕುತ್ತದೆ ಎಂದು. ಕಾಲುವೆ ತುಂಬುವ ಎಷ್ಟೋ ಮುಂಚೆ ಉಕ್ಕುತ್ತದೆ, ಯಾಕೆಂದರೆ ಕಾಲುವೆಯಲ್ಲಿ ನೀರು ಎತ್ತರವಾದಾಗ ನಮ್ಮ ಮೋರಿ ಅದರೊಳಗೆ ಖಾಲಿಯಾಗುವುದಿಲ್ಲ, ಹಿಂದಕ್ಕೇ ತಳ್ಳಿಸಿಕೊಳ್ಳುತ್ತದೆ. ಹಳದಿ ಗೆರೆ ಮುಟ್ಟಿದರೆ ವಾಟ್ಸಾಪ್ ಗುಂಪಿಗೆ ಫೋಟೊ. ಮನೆಯವರೆಲ್ಲ ಸರದಿ ಮೇಲೆ ಎದ್ದಿರುತ್ತೇವೆ.

ಇನ್ನೊಂದು ಮಾತು. ಮಳೆ ನಿಂತ ಕೂಡಲೇ ನಿರಾಳ ಆಗಬೇಡಿ. ಕೆಳಗಿನ ಕೆರೆ ತುಂಬಿದ್ದರೆ ನೀರು ಮುಂದೆ ಹೋಗದೆ ನಿಂತು, ಒಂದೆರಡು ಗಂಟೆ ಬಿಟ್ಟು ಏರಿದ್ದನ್ನು ನಾನೇ ನೋಡಿದ್ದೇನೆ. ಬೆಳದಿಂಗಳು ಬೇರೆ ಇತ್ತು ಆ ರಾತ್ರಿ.

ನೀರಿನ ಮಟ್ಟ ಅಳೆಯುವ ಕೆಲಸದವನು

ಮೇಡಂ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ ಮಳೆಮಾಪಕಗಳು ಊರಿನ ತುಂಬ ಇವೆ. 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಅವರ 'ಬೆಂಗಳೂರು ಮೇಘ ಸಂದೇಶ' ಆ್ಯಪ್ ಹಾಕಿಕೊಳ್ಳಿ, ಆದರೆ ಎಚ್‌ಎಸ್‌ಆರ್ ಒಂದನ್ನೇ ನೋಡಬೇಡಿ. ಈಜೀಪುರದ ಸರ್ ಹೇಳಿದ ಹಾಗೆ ಮೇಲಿನ ಬಡಾವಣೆಗಳನ್ನೂ ನೋಡಿ. ಒಂದು ಮಳೆಗಾಲ ಬರೆದಿಟ್ಟರೆ ಮೇಲೆ ಜೋರಾಗಿ ಬಿದ್ದ ಎಷ್ಟು ಹೊತ್ತಿಗೆ ನಿಮ್ಮಲ್ಲಿ ಏರುತ್ತದೆ ಎಂದು ನಿಮಗೇ ತಿಳಿಯುತ್ತದೆ. ಅದು ನಿಮ್ಮ ಕೈಲಿರುವ ಸಮಯ. ಜಾಸ್ತಿ ಇರುವುದಿಲ್ಲ.

ಕೆಲವು ರಾಜಕಾಲುವೆಗಳಿಗೆ ಸೆನ್ಸರ್ ಕೂಡ ಇದೆ. ಸೇತುವೆ ಅಡಿಗೆ ಕಟ್ಟಿರುತ್ತೇವೆ, ಕೆಳಗೆ ಶಬ್ದದ ಅಲೆ ಕಳಿಸಿ ನೀರಿಗೆ ಎಷ್ಟು ದೂರ ಎಂದು ಅಳೆಯುತ್ತದೆ. ಆ ದೂರವನ್ನು ಕಾಲುವೆಯ ಒಟ್ಟು ಆಳದಿಂದ ಕಳೆದರೆ ನೀರಿನ ಮಟ್ಟ. ಓದಲು ಚೆನ್ನಾಗಿದೆ, ಅಲ್ವಾ? ಕಾಲುವೆಯಲ್ಲಿ ನೊರೆ ಬಂದರೆ ಶಬ್ದದ ಅಲೆ ಅಲ್ಲೇ ದಾರಿ ತಪ್ಪುತ್ತದೆ. ಥರ್ಮಾಕೋಲ್, ಹಾಸಿಗೆ ತೇಲಿ ಬಂದರೆ ನೀರು ದಿಢೀರ್ ಏರಿತು ಎಂದು ತೋರಿಸುತ್ತದೆ. ಒಮ್ಮೆ ನಮ್ಮ ಒಂದು ಸೆನ್ಸರ್ ಬೇಸಿಗೆಯಲ್ಲಿ ಎರಡಡಿ ನೀರು ತೋರಿಸಿತು. ಹೋಗಿ ನೋಡಿದರೆ ಅಡಿಯಲ್ಲಿ ಹಳೇ ಸೋಫಾ! ಹೂಳು ತುಂಬಿದರೂ ಅಷ್ಟೆ, ಅಂಕಿ ಸರಿ ಇದ್ದರೂ ನೀರಿಗೆ ಜಾಗ ಉಳಿದಿರುವುದಿಲ್ಲ. ಆದ್ದರಿಂದ ಆ್ಯಪ್ ಜೊತೆ ಬಣ್ಣದ ಗೆರೆಯೂ ಇರಲಿ.

ಸರ್ಜಾಪುರ ರಸ್ತೆ

2022ರ ಸೆಪ್ಟೆಂಬರ್ 4ರ ರಾತ್ರಿ. ಊರಲ್ಲಿ 130 ಮಿ.ಮೀ.ಗೂ ಜಾಸ್ತಿ ಬಿದ್ದಿತ್ತು. ನಮ್ಮನ್ನು ಟ್ರ್ಯಾಕ್ಟರ್‌ನಲ್ಲಿ ಹೊರಗೆ ಕರೆತಂದರು. ಎಚ್ಚರಿಕೆಯ ಮಾತು ಬಿಡಿ, ಮನೆಯೊಳಗಿನ ಮಾತು ಹೇಳುತ್ತೇನೆ. ನೀರು ಬಾಗಿಲಿಂದ ಬರಲಿಲ್ಲ, ಬಚ್ಚಲಿಂದ ಬಂತು! ಒಳಚರಂಡಿ ತುಂಬಿ ವಾಪಸ್ ಒತ್ತಿತು. ಮನೆಯಿಂದ ಹೋಗುವ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಿ, ನೀರು ಹೊರಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಮೀಟರ್ ಬೋರ್ಡ್ ಮೇಲಕ್ಕೆ ಏರಿಸಲು ಓನರ್‌ಗೆ ಹೇಳಿ. ಸಂಪಿನ ಬಾಯಿ ನೆಲಮಟ್ಟದಲ್ಲಿದ್ದರೆ ಒಂದೂವರೆ ಅಡಿ ಕಟ್ಟೆ ಕಟ್ಟಿಸಿ. ಕುಡಿಯುವ ನೀರು ಹಿಡಿದಿಡಿ. ಆ ವಾರ ಊರಿಗೆ ಕಾವೇರಿ ನೀರು ಕಳಿಸುವ ತೊರೆಕಾಡನಹಳ್ಳಿ ಪಂಪ್‌ಹೌಸ್‌ಗೇ ನೀರು ನುಗ್ಗಿ ಕಾವೇರಿ ನಿಂತಿತ್ತು. ಬೀದಿ ತುಂಬ ನೀರು, ನಲ್ಲಿಯಲ್ಲಿ ಹನಿ ಇಲ್ಲ. ಅತ್ತೆಯವರ ಮಾತ್ರೆ, ರೇಷನ್ ಕಾರ್ಡು, ಚಾರ್ಜರ್ ಒಂದು ಚೀಲದಲ್ಲಿರಲಿ. ಮೇಲಿನ ಮನೆಯವರ ಜೊತೆ ಈಗಲೇ ಮಾತಾಡಿ. ಅತ್ತೆಯವರನ್ನು ಕುರ್ಚಿ ಸಮೇತ ಎತ್ತಲು ಇಬ್ಬರು ಬೇಕು, ಬೆಳಕಿರುವಾಗಲೇ ಎತ್ತಬೇಕು.

ಹುಳಿಮಾವು

ಎಲ್ಲದಕ್ಕೂ ಮಳೆಯೇ ಬೇಕೆಂದಿಲ್ಲ. 2019ರ ನವೆಂಬರ್ 24, ಭಾನುವಾರ, ನಮ್ಮ ಕೆರೆ ಏರಿ ಒಡೆದು ಮನೆಗಳಿಗೆ ನೀರು ನುಗ್ಗಿತು. ಏರಿ ಮೇಲೆ ಜೆಸಿಬಿ ಕಂಡರೆ ಏನು ಕೆಲಸ ಎಂದು ಹೋಗಿ ಕೇಳಿ.

ಜೆ.ಪಿ. ನಗರ

ಬಾಡಿಗೆ ಮನೆ ಅಂದಿರಿ, ಆದರೂ ಹೇಳುತ್ತೇನೆ. ಭೂಮಾಪನ ಇಲಾಖೆಯ 'ದಿಶಾಂಕ್' ಆ್ಯಪ್ ತೆರೆದು ನಿಂತ ಜಾಗದ ಸರ್ವೆ ನಂಬರ್ ನೋಡಿ, ಗ್ರಾಮ ನಕ್ಷೆಯಲ್ಲಿ ಕಾಲುವೆ ಎಲ್ಲಿ ಹೋಗುತ್ತಿತ್ತು ಎಂದು ಹೋಲಿಸಿ. ನಮ್ಮ ರಸ್ತೆಯಲ್ಲಿ ಒಬ್ಬ ಬಿಲ್ಡರ್ ಕಾಂಪೌಂಡ್ ಗೋಡೆಯಡಿ ಕಾಲುವೆಯನ್ನು ಒಂದು ಪೈಪಿಗೆ ಇಳಿಸಿದ್ದ. ನಕ್ಷೆ ಮುದ್ರಿಸಿ ದೂರು ಕೊಟ್ಟ ಮೇಲೇ ಸರ್ವೆಯವರು ಬಂದದ್ದು.

ಕೇಳಿದವರು, ಎಚ್‌ಎಸ್‌ಆರ್ ಲೇಔಟ್

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಕಾಲುವೆ ಪಕ್ಕ ಮಡಿವಾಳದ ಕಡೆಗೆ ಆದಷ್ಟು ದೂರ ನಡೆದೆವು. ಒಂದು ಕಲ್ವರ್ಟ್ ಬಾಯಿಗೆ ಹಾಸಿಗೆ, ತೆಂಗಿನ ಗರಿ ಅಡ್ಡ ಸಿಕ್ಕಿ ಅರ್ಧ ಮುಚ್ಚಿದೆ. ಪಾಲಿಕೆಯ ಸಹಾಯವಾಣಿ 1533ಕ್ಕೆ ದೂರು ಕೊಟ್ಟೆ. ವಾಲ್ವ್‌ಗೆ ಓನರ್ ಒಪ್ಪಿದರು, ಮೀಟರ್ ಬೋರ್ಡ್‌ಗೆ "ನೋಡೋಣ" ಅಂದರು. ಮೇಲಿನ ಮನೆಯ ಹುಡುಗರು ಅತ್ತೆಯನ್ನು ಎತ್ತಲು ರೆಡಿ, ಅತ್ತೆ ಮಾತ್ರ ರೆಡಿ ಇಲ್ಲ. ಶನಿವಾರ ಬೆಳಗ್ಗೆ ಏಳಕ್ಕೆ ಸೇತುವೆ ಹತ್ತಿರ ಗೆರೆ ಎಳೆಯಬೇಕೆಂದಿದ್ದೇವೆ. ಗೆರೆಗಳ ಅಳತೆ ಹೇಗೆ ಹಿಡಿಯುವುದು?

ಕೋರಮಂಗಲ, ಎಸ್‌ಟಿ ಬೆಡ್

ಕಾಲುವೆ ತಳದಿಂದ ಹಿಡಿಯಬೇಡಿ, ಹೂಳು ಏರಿಳಿಯುತ್ತಿರುತ್ತದೆ. ಸೇತುವೆಯ ಅಡಿಯಿಂದ ಕೆಳಕ್ಕೆ ಅಳೆಯಿರಿ. ಕೆಂಪು ಡಬ್ಬಿ ಅರ್ಧ ಉಳಿದಿದೆ, ತರುತ್ತೇನೆ. ಉದ್ದದ ಬ್ರಷ್ ನೀವು ನೋಡಿಕೊಳ್ಳಿ.